ಒಣಗದ ಪದರ

ಬೆಳಿಗ್ಗೆ ಎದ್ದು ಗಾಜಿನ ಜಗಲಿಗೆ ಬಂದ ಬೆರ್ಮೆತ್ ತಾನು ಚಿತ್ರ ಮಾಡುತ್ತಿದ್ದ ಹಲಗೆಯ ಮುಂದೆ ನಿಂತುಬಿಟ್ಟಳು. ಅದರ ಮೇಲಿನ ತೇವ ಇನ್ನಷ್ಟು ಹರಡಿತ್ತು. ನಿನ್ನೆ ಅಂಗಿತೋಳಿನ ಆಕಾರವಷ್ಟೇ ಇತ್ತು. ಇವತ್ತು ಕುತ್ತಿಗೆ ಮೂಡಿದೆ, ಅಂಗಿಯ ಘೇರು ಮೂಡಿದೆ, ಘೇರಿನ ಕೆಳಗೆ ಎರಡು ಪುಟ್ಟ ಕಾಲು.

ಅವಳು ಅಂಟಿಸಿದ್ದು ತೋಳನ್ನು ಮಾತ್ರ. ತಾಯಿ ಕೌದಿಗೆಂದು ಕೂಡಿಟ್ಟ ಚಿಂದಿಗಳ ಪೆಟ್ಟಿಗೆಯ ತಳದಲ್ಲಿ ಯಾವುದೋ ಮಗುವಿನ ಅಂಗಿಯ ನೀಲಿ ತೋಳು ಸಿಕ್ಕಿತ್ತು. ಹಲಗೆಗೆ ಮೊದಲು ಒತ್ತಿದ ಉಣ್ಣೆ, ಅದರ ಮೇಲೆ ಆ ತೋಳು, ಆಮೇಲೆ ಸುಣ್ಣದ ಪುಡಿ ಅಂಟು ಕಲಸಿದ ಗಿಲಾವು, ಇಸಿಕ್‌ಕುಲ್ ಸರೋವರದ ದಡದ ಮರಳು, ಈರುಳ್ಳಿ ಸಿಪ್ಪೆಯ ಬಣ್ಣ. ಒಣಗಿದ ಮೇಲೆ ಅಲ್ಲಲ್ಲಿ ಚಾಕುವಿನಿಂದ ಕೆರೆದು ಅಡಿಯಲ್ಲಿದ್ದದ್ದನ್ನು ಇಣುಕಿಸಬೇಕು. ಅದು ಅವಳ ಹೊಸ ಪ್ರಯೋಗ. ಆದರೆ ಒಣಗಿದರೆ ತಾನೆ! ಒಲೆಯ ಪಕ್ಕ ಇಟ್ಟು ನೋಡಿದಳು, ಮೇಲೆ ಇನ್ನೊಂದು ಕೈ ಗಿಲಾವು ಬಳಿದಳು. ಉಳಿದ ಕಡೆಯೆಲ್ಲ ಒಣಗಿ ಬಿರುಕುಬಿಟ್ಟಿತು. ಆ ಜಾಗ ಮಾತ್ರ ತಣ್ಣಗೆ, ಹಸಿಹಸಿಯಾಗಿಯೇ ಉಳಿಯಿತು.

"ಕುರಿದೊಡ್ಡಿಗೆ ಮಣ್ಣು ಮೆತ್ತಿದ ಹಾಗೆ ಮೆತ್ತುತ್ತಾನೇ ಇದ್ದೀಯಲ್ಲೇ. ಚಿತ್ರ ಬರೆಯೋದು ಯಾವತ್ತು?" ಚಹಾದ ಬಟ್ಟಲು ಹಿಡಿದು ಬಂದ ತಾಯಿ ಉಮ್ಸುನಾಯ್ ಕೇಳಿದಳು.

"ಇದೇ ಚಿತ್ರ, ಅಪಾ. ನಗಬೇಡ." ಅಮ್ಮನನ್ನು ಅವಳು ಅಪಾ ಎಂದೇ ಕರೆಯುತ್ತಿದ್ದಳು.

ಉಮ್ಸುನಾಯ್ ನಗಲಿಲ್ಲ, ಹಲಗೆಯ ಮೇಲೆ ಮೂಡಿದ ಆಕಾರವನ್ನೇ ನೋಡುತ್ತಿದ್ದಳು. ಬಟ್ಟಲು ವಾಲಿ ಚಹಾ ಕಾಲ ಮೇಲೆ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ. "ಒಳಗೆ ಏನಿಟ್ಟಿದ್ದೀಯ?"

"ಒಂದು ಹಳೇ ತೋಳು. ನಿನ್ನ ಪೆಟ್ಟಿಗೇದು. ಚಿಂದಿ ತಾನೆ ಅಂತ..."

"ಚಿಂದಿಯಲ್ಲ ಕಣೇ." ಮುದುಕಿ ಹಲಗೆಯ ಮುಂದೆ ಮೊಣಕಾಲೂರಿದಳು. ಒದ್ದೆ ಪಾದಗಳ ಮೇಲೆ ಅಂಗೈ ಇಟ್ಟು, ಚಳಿಗೆ ನಡುಗುವ ಕೂಸಿಗೆ ಮಾಡುವಂತೆ ಮೆಲ್ಲಗೆ ಉಜ್ಜತೊಡಗಿದಳು. "ಬೆರ್ಮೆತ್..."

"ಹೇಳು, ಅಪಾ."

"ನಿನ್ನನ್ನ ಕರೆದದ್ದಲ್ಲ."

ಆಮೇಲೆ ಹೇಳಿದಳು. ಇವಳಿಗಿಂತ ಮೊದಲು ಒಬ್ಬ ಮಗಳಿದ್ದಳು. ಆಗಷ್ಟೇ ಓಡಲು ಕಲಿತಿದ್ದಳು. ಬೆಟ್ಟದ ಹಿಮ ಕರಗಿ ಮನೆ ಮುಂದಿನ ಕಾಲುವೆ ಉಕ್ಕುತ್ತಿತ್ತು. ತಾಯಿ ರೊಟ್ಟಿ ಸುಡುತ್ತಿದ್ದಳು. ಮಗು ಸಿಕ್ಕಲೇ ಇಲ್ಲ. ದಡದ ಗಿಡದ ಕೊಂಬೆಗೆ ಸಿಕ್ಕಿ ಹರಿದ ತೋಳು ಮಾತ್ರ ಸಿಕ್ಕಿತು. ಆ ಹೆಸರು ಇನ್ನು ಮನೆಯಲ್ಲಿ ಕೇಳಿಸಕೂಡದು ಎಂದು ಗಂಡ ಆಣೆ ಮಾಡಿಸಿಕೊಂಡ. ಮುಂದೆ ಇವಳು ಹುಟ್ಟಿದಾಗ, ಅವನೆಷ್ಟು ಕೂಗಾಡಿದರೂ ಕೇಳದೆ, ಉಮ್ಸುನಾಯ್ ಅದೇ ಹೆಸರಿಟ್ಟಳು.

"ಕೂಗೋಕೆ ಒಂದು ನೆಪ ಬೇಕಿತ್ತು ಕಣೇ. ಅಂಗಳದಲ್ಲಿ ನಿಂತು ನಿನ್ನ ಕೂಗಿದಾಗೆಲ್ಲ ಆ ಕೂಗು ಅವಳಿಗೂ ಹೋಗ್ತಿತ್ತು."

 ಬೆರ್ಮೆತ್ ತೋಳನ್ನು ಹೊರತೆಗೆಯಲು ಚಾಕು ಎತ್ತಿಕೊಂಡಳು. ತಾಯಿ ಕೈ ಹಿಡಿದಳು.

"ಕೆರೀಬೇಡ. ಇನ್ನು ಮೇಲೆ ಏನೂ ಬಳೀಲೂ ಬೇಡ. ಸಾಕು, ಅವಳನ್ನ ಮುಚ್ಚಿಟ್ಟಿದ್ದು."

ಅಷ್ಟು ಹೇಳಿ ಒಳಗೆ ಹೋಗಿ ಬಾಣಲೆ ಇಟ್ಟಳು. ತೀರಿಕೊಂಡವರಿಗೆ ಕಾದ ಎಣ್ಣೆಯ ವಾಸನೆ ಮುಟ್ಟಲೆಂದು ಮನೆಮನೆಯಲ್ಲೂ ಬೊರ್ಸೊಕ್ ಎಂಬ ಹಿಟ್ಟಿನ ತಿನಿಸು ಕರಿಯುತ್ತಾರೆ. ಆ ಮಗುವಿನ ಹೆಸರಿನಲ್ಲಿ ಮಾತ್ರ ಈ ಮನೆಯಲ್ಲಿ ಎಂದೂ ಎಣ್ಣೆ ಕಾದಿರಲಿಲ್ಲ. ಹಿಟ್ಟಿನ ತುಂಡುಗಳು ಚುಂಯ್ಗುಟ್ಟಿ ಉಬ್ಬಿದವು. ಘಮ ಜಗಲಿಗೂ ಬಂತು. ಬೆರ್ಮೆತ್ ನೋಡುತ್ತಿದ್ದಂತೆಯೇ ಹಲಗೆಯ ಮೇಲಿನ ಪಾದಗಳು ಆರಿ ಬೆಳ್ಳಗಾದವು, ಆಮೇಲೆ ಘೇರು, ಆಮೇಲೆ ಕುತ್ತಿಗೆ. ಕೊನೆಗೆ ತೋಳೂ ಒಣಗಿತು.

"ಬೆರ್ಮೆತ್, ಬಿಸಿ ಇರೋವಾಗಲೇ ಬಾರೇ!" ತಾಯಿ ಒಳಗಿನಿಂದ ಕೂಗಿದಳು.

ಓಗೊಡಲು ಬಾಯಿ ತೆರೆದವಳು ಹಾಗೆಯೇ ತಡೆದಳು. ಅಕ್ಕ ಮೊದಲು ಹೋಗಲಿ ಎಂದು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.