ಕೈ ನಡುಗುವ ಹುಡುಗಿ

ಕಳೆದ ವರ್ಷ ಯಾರೂ ಇಲ್ಲದ ಕಡೆಯಿಂದ ನನಗೆ ದನಿಗಳು ಕೇಳಿಸುತ್ತಿದ್ದವು. ಮಾತ್ರೆ ಶುರುವಾದ ಮೇಲೆ ಅವು ಹೊರಟುಹೋದವು. ಖಾಲಿಯಾದ ಜಾಗಕ್ಕೆ ಹನ್ನೊಂದು ಕೆಜಿ ತೂಕ, ನಡುಗುವ ಕೈ ಮತ್ತು ಬೊಂಬೆಯಂಥ ಮುಖ ಬಾಡಿಗೆಗೆ ಬಂದವು.

ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ಅಮ್ಮ ಲೋಟಗಳಿಗೆ ಅರ್ಧರ್ಧವೇ ಕಾಫಿ ಹಾಕಿದಳು.

"ಮಾತ್ರೆ ವಿಷ್ಯ ಬಾಯಿ ಬಿಡ್ಬೇಡ. ಇದೂ ತಪ್ಪಿಹೋದ್ರೆ ನಿಮ್ಮಪ್ಪ ತಡ್ಕೊಳಲ್ಲ."

ತಟ್ಟೆ ಹಿಡಿದು ಹೊರಟೆ. ನಾನು ಬರುವ ಸುದ್ದಿಯನ್ನು ಲೋಟಗಳೇ ಗಡಗಡನೆ ನಡುಮನೆಗೆ ಮುಟ್ಟಿಸಿದವು.

"ಎಷ್ಟು ನಾಚ್ಕೆ ನೋಡಿ, ಕೈ ಹೇಗೆ ನಡುಗ್ತಿದೆ," ಎಂದರು ಹುಡುಗನ ತಾಯಿ. "ಈಗಿನ ಕಾಲ್ದಲ್ಲಿ ಇಂಥವ್ರು ಎಲ್ಲಿ ಸಿಗ್ತಾರೆ? ನಮ್ಮ ದೊಡ್ಡ ಸೊಸೆ ಒಂದಕ್ಕೆ ಹತ್ತು ಮಾತಾಡ್ತಾಳೆ."

ನನ್ನ ನಿಧಾನದ ಹೆಜ್ಜೆ ಅವರಿಗೆ ಗಾಂಭೀರ್ಯವಾಗಿ ಕಂಡಿತು. ನಗಲಾರದ ಮುಖ ವಿನಯವಾಯಿತು. ಎಂಟು ಗಂಟೆಗೇ ಮಲಗುತ್ತಾಳೆ ಎಂದು ಅಮ್ಮ ಹೇಳಿದಾಗ ಅವರು ದೇವರ ಕೋಣೆಯತ್ತ ಕೈ ಮುಗಿದರು. ಎಂ.ಎ. ಪಾಸಾದಾಗಲೂ ನನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ.

ನನಗೆ ಹೂ ಮುಡಿಸಲು ಅವರು ಒಳಗೆ ಬಂದಾಗ ನಾವಿಬ್ಬರೇ ಇದ್ದೆವು. ಮೋಸ ಮಾಡಲು ಮನಸ್ಸು ಬರಲಿಲ್ಲ.

"ಆಂಟಿ, ಇದು ನಾಚ್ಕೆ ಅಲ್ಲ. ನಂಗೆ ಮನಸ್ಸಿನ ಕಾಯಿಲೆ ಆಗಿತ್ತು, ಮಾತ್ರೆ ತಗೊಳ್ತಿದೀನಿ. ಈ ನಡುಕ, ನಿದ್ದೆ, ಸುಮ್ನಿರೋದು ಎಲ್ಲ ಅದರಿಂದ್ಲೇ."

ಹೂ ಹಿಡಿದ ಅವರ ಕೈ ನನ್ನ ಜಡೆಯ ಮೇಲೆ ಹಾಗೇ ನಿಂತಿತು. ಬಾಗಿಲತ್ತ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಆ ಮಾತ್ರೆ ಹೆಸ್ರು ಒಂದು ಚೀಟೀಲಿ ಬರ್ಕೊಡಮ್ಮ. ನಮ್ಮ ದೊಡ್ಡ ಸೊಸೆಗೆ ಬೇಕಿತ್ತು."