ಅಪ್ಪನ ಸಪ್ಪಳ

ಗುಡೂರು ದಾರಿಯ ಕಲ್ಲಿನ ಕ್ವಾರಿಯಿಂದ ‘ಧಡ್’ ಎಂಬ ಸಪ್ಪಳ ಕೇಳಿದ್ದೇ ತಡ, ಪಾಠ ಹೇಳುತ್ತಿದ್ದ ಕುಮುದಿನಿ “ಮಲಗ್ರಿ! ಎಲ್ಲಾರೂ ನೆಲಕ್ಕ ಮಲಗ್ರಿ!” ಎಂದು ಕೂಗಿ ಮೇಜಿನ ಅಡಿಗೆ ತೂರಿಕೊಂಡಳು. ಎಂಟನೆಯ ತರಗತಿಯ ಹುಡುಗಿಯರು ಯಾಕೆ ಏನು ಎಂದು ಕೇಳಲಿಲ್ಲ. ಬೆಂಚುಗಳ ನಡುವೆ ಒಬ್ಬರ ಮೇಲೊಬ್ಬರು ಬಿದ್ದರು. ಇಳಕಲ್ಲಿನ ಆ ಮಕ್ಕಳು ತೊಟ್ಟಿಲಲ್ಲಿದ್ದಾಗಿನಿಂದ ಕೇಳುತ್ತ ಬಂದಿದ್ದ ಸಪ್ಪಳ ಅದು.

ಬೇಸಿಗೆ ರಜೆಯಲ್ಲಿ ಕುಮುದಿನಿ ಗಂಡ ಶಿರೀಷನ ಜೊತೆ ಕಾಶ್ಮೀರಕ್ಕೆ ಹೋಗಿದ್ದಳು. ಉಗ್ರರು ಪ್ರವಾಸಿಗರ ಮೇಲೆ ಗುಂಡು ಹಾರಿಸಿದಾಗ ಇಬ್ಬರೂ ಅದೇ ಹುಲ್ಲುಗಾವಲಿನಲ್ಲಿದ್ದರು. ಮೊದಲ ಸಪ್ಪಳಕ್ಕೆ ಯಾರೋ “ಪಟಾಕಿ” ಅಂದರು. ಎಲ್ಲರೂ ನಂಬಿದರು, ಅವಳೂ ನಂಬಿದಳು. ಇಬ್ಬರೂ ಜೀವ ಉಳಿಸಿಕೊಂಡು ಊರಿಗೆ ಬಂದ ಮೇಲೆ ಅವಳ ಕಿವಿ ಯಾವ ಸಪ್ಪಳವನ್ನೂ ನಂಬುತ್ತಿರಲಿಲ್ಲ. ಊರೂ ಮೊದಲಿನಂತೆ ಇರಲಿಲ್ಲ. ಯಾರೋ ಮರೆತು ಹೋದ ಚೀಲ ಕಂಡು ಕೆರೂರ ಬಸ್ಸಿನ ಜನರೆಲ್ಲ ಇಳಿದು ಓಡಿದ್ದರು. ಬಿಚ್ಚಿ ನೋಡಿದರೆ ಅದರೊಳಗೆ ಮದುವೆಗೆ ಕೊಂಡ ಕುಪ್ಪಸದ ಖಣಗಳಿದ್ದವು.

ಸಪ್ಪಳ ಅಡಗಿತು. ಕುಮುದಿನಿ ಮೇಜಿನ ಅಡಿಯಿಂದ ನೋಡಿದಳು. ಇಡೀ ಕೋಣೆಯಲ್ಲಿ ಒಂದು ಜೊತೆ ಪಾದಗಳು ಮಾತ್ರ ನೆಟ್ಟಗೆ ನಿಂತಿದ್ದವು. ಶಹರಬಾನು ಎಂಬ ಹುಡುಗಿಯವು.

“ನೀ ಯಾಕ ಮಲಗಲಿಲ್ಲ?”

“ಅದು ನಮ್ಮ ಅಪ್ಪನ ಸಪ್ಪಳರಿ, ಅಕ್ಕೋರ. ಕಲ್ಲಿಗೆ ಮದ್ದು ಹಾಕಾಂವ ಅವನ. ಇನ್ನ ಕೈ ತೊಳ್ಕೊಂಡು ಊಟಕ್ಕ ಕುಂಡರ್ತಾನ.”

ಮರುದಿನ ಕುಮುದಿನಿ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು. ಸಪ್ಪಳ ಬಂದಾಗ ಮೇಜಿನ ಅಂಚು ಹಿಡಿದು ಹಲ್ಲು ಕಚ್ಚಿ ನಿಂತಳು. ಆದರೆ ಅವಳು ಬಾಯಿ ಬಿಡುವ ಮೊದಲೇ ಹುಡುಗಿಯರೆಲ್ಲ ತಾವಾಗಿಯೇ ನೆಲಕ್ಕೆ ಬಿದ್ದಿದ್ದರು. ಕಾಶ್ಮೀರವನ್ನು ನಕಾಶೆಯಲ್ಲಷ್ಟೇ ನೋಡಿದ್ದ ಒಬ್ಬಳು ಬೆಂಚಿನ ಕೆಳಗೆ ಮುದುಡಿಕೊಂಡು ಅಳುತ್ತಿದ್ದಳು. ತನ್ನ ಎದೆಯಲ್ಲಿದ್ದ ಹೆದರಿಕೆ ಇಷ್ಟು ಬೇಗ ಇಷ್ಟು ಮಕ್ಕಳ ಎದೆ ಹೊಕ್ಕಿತೇ ಎಂದು ಕುಮುದಿನಿಗೆ ದಿಗಿಲಾಯಿತು.

ಶನಿವಾರ ಶಾಲೆ ಬಿಟ್ಟ ಕೂಡಲೇ ಅವಳು ಒಬ್ಬಳೇ ಕ್ವಾರಿಗೆ ಹೋದಳು. ಶಹರಬಾನುವಿನ ತಂದೆ ಚಮನಸಾಬ ಗಾಬರಿಯಿಂದ ಎದುರು ಬಂದ.

“ಅಕ್ಕೋರ, ನೀವ್ಯಾಕ ಈ ಬಿಸಲಾಗ ಬಂದ್ರಿ? ನನ್ನ ಮಗಳು ಏನರ ಮಾಡ್ಯಾಳೇನ್ರಿ?”

“ಆಕಿ ಏನೂ ಮಾಡಿಲ್ಲ. ನಿಮ್ಮ ಸಪ್ಪಳ ಒಮ್ಮೆ ಕಣ್ಣಿಲೆ ನೋಡಬೇಕಾಗೇದ.”

ಅವಳು ಎಲ್ಲಿಂದ ಬದುಕಿ ಬಂದವಳೆಂದು ಊರಿಗೆಲ್ಲ ಗೊತ್ತಿತ್ತು. ಚಮನಸಾಬ ಕೈಯ ಧೂಳು ಕೊಡವಿಕೊಂಡ. “ಆ ಸುದ್ದಿ ಬಂದ ದಿನಾ ನಮ್ಮ ಮನ್ಯಾಗೂ ಯಾರೂ ಉಂಡಿಲ್ರಿ,” ಎಂದ. “ಈಗ ನಾ ಮದ್ದಿನ ಪೆಟಗಿ ಎತ್ತಿದ್ರ ಸಾಕು, ಸಂಗಾಟ ದುಡಿಯೋರ ಕಣ್ಣು ನನ್ನ ಮ್ಯಾಲೇ ಇರ್ತಾವ. ಬರ್ರಿ, ನೋಡ್ರಿ.”

ದೂರದ ದಿಬ್ಬದಲ್ಲಿ, ಕಲ್ಲಿನ ಗೋಡೆಯ ಮರೆಯಲ್ಲಿ ಅವಳನ್ನು ನಿಲ್ಲಿಸಿದ. ಕೆಂಪು ಬಾವುಟ ಏರಿತು. ಸೈರನ್ ಕೂಗಿತು. ಅವಳ ಪಕ್ಕದಲ್ಲೇ ನಿಂತು ಅವನು ಮದ್ದು ಸಿಡಿಸುವ ಗುಂಡಿ ಒತ್ತಿದ.

ಮೊದಲು ಸಪ್ಪಳವೇ ಇರಲಿಲ್ಲ. ಎದುರಿನ ಗುಡ್ಡ ಒಮ್ಮೆ ಉಸಿರೆಳೆದುಕೊಂಡಂತೆ ಮುಂದಕ್ಕೆ ಉಬ್ಬಿತು. ಮನೆಗಿಂತ ದೊಡ್ಡ ಬಂಡೆ ತನ್ನ ಜಾಗ ಬಿಟ್ಟು ನಿಧಾನವಾಗಿ ವಾಲಿತು. ಆಮೇಲೆ ಬಂತು ಸಪ್ಪಳ, ಕಿವಿಗಿಂತ ಮೊದಲು ಅಂಗಾಲಿಗೆ. ಕುಮುದಿನಿ ಮಲಗಬೇಕೆಂಬುದನ್ನೇ ಮರೆತು ನಿಂತಿದ್ದಳು. ಧೂಳು ಇಳಿದಾಗ ಗುಡ್ಡದ ಒಳಮೈ ಕಂಡಿತು. ಈಗಷ್ಟೇ ಹೆಚ್ಚಿದ ಹಣ್ಣಿನಂತೆ ಹಸಿಯಾಗಿ, ಕೆಂಪಗೆ, ಬಿಸಿಲಿಗೆ ಕಣ ಕಣವಾಗಿ ಹೊಳೆಯುತ್ತ.

“ಈ ಕಲ್ಲು ಹುಟ್ಟಿದಾಗಿಂದ ಇದರ ಮಾರಿ ಸೂರ್ಯನೂ ನೋಡಿದ್ದಿಲ್ರಿ,” ಎಂದ ಚಮನಸಾಬ. “ಇವತ್ತ ನಾವು ನೋಡಿದ್ವಿ.”

ಗುಂಡಿಯ ಮೇಲಿಂದ ಅವನು ತೆಗೆದ ಕೈ ಸಣ್ಣಗೆ ನಡುಗುತ್ತಿರುವುದು ಆಗ ಅವಳ ಕಣ್ಣಿಗೆ ಬಿತ್ತು.

“ನಿಮಗೂ ಹೆದರಿಕಿ ಆಗ್ತದೇನು?”

“ಲಗ್ನಕ್ಕಿಂತ ಮೊದಲಿಂದ ಈ ಕೆಲಸ ಮಾಡ್ತೇನ್ರಿ. ಒಂದ ಸಲಾನೂ ನಡುಗೂದು ತಪ್ಪಿಲ್ಲ. ತಪ್ಪಿದ ದಿನಾ ಬಿಟ್ಟಬಿಡ್ತೇನಿ.”

ಕುಮುದಿನಿ ಆ ಕೈಯನ್ನೇ ನೋಡುತ್ತ ನಿಂತಳು. ಗಂಡನಿಗೂ ಹೇಳದ ಮಾತು ತಾನಾಗಿಯೇ ಹೊರಗೆ ಬಂತು. “ಅಲ್ಲಿ ಬಂದೂಕ ಹಿಡಿದವನು ನನ್ನಿಂದ ಇಷ್ಟೇ ದೂರ ಇದ್ದ. ಅವನ ಕೈ ನಡುಗಲಿಲ್ಲರಿ.”

ಚಮನಸಾಬ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

ಸೋಮವಾರ ತರಗತಿಯಲ್ಲಿ ಕುಮುದಿನಿ ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ಸಪ್ಪಳ ಬಂತು. ಹುಡುಗಿಯರು ಅರ್ಧ ಬಗ್ಗಿ ಅವಳನ್ನೇ ನೋಡಿದರು. ಅವಳ ಮೈ ಜುಮ್ಮೆಂದಿತು. ಆದರೂ ಕೈ ತೆಗೆಯದೆ ಗೆರೆಯನ್ನು ಕೊನೆಯವರೆಗೆ ಎಳೆದಳು. ಒಬ್ಬೊಬ್ಬರಾಗಿ ತಲೆಗಳು ಮೇಲೆದ್ದವು.

“ಗೆರಿ ನಡುವ ಸೊಟ್ಟ ಆಗೇತ್ರಿ, ಅಕ್ಕೋರ,” ಎಂದಳು ಹಿಂದಿನ ಬೆಂಚಿನಿಂದ ಒಬ್ಬಳು.

“ಆಗಲಿ. ಹಂಗೇ ಬರಕೊಳ್ರಿ.”

ಹುಡುಗಿಯರು ತಲೆ ತಗ್ಗಿಸಿ, ಗೆರೆ ನಡುಗಿದಲ್ಲಿ ತಾವೂ ಕೈ ನಡುಗಿಸಿ, ಅದನ್ನು ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಎಳೆದುಕೊಳ್ಳತೊಡಗಿದರು.