ಜಗಲಿ ಮೇಲಿನ ಫೋಟೊ

ಬಾಗಿಲಲ್ಲಿ ಕೂತಿದ್ದ ಮುದುಕನೊಬ್ಬ ಬಾಲಪ್ಪನ ಮುಖವನ್ನು ಒಂದು ಗಳಿಗೆ ನೋಡಿದ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಒಳಗೆ ಮುಖ ಮಾಡಿ, "ಬಂದಾರ, ನೋಡ ಬಾ," ಎಂದ. ದನಿಯಲ್ಲಿ ಆಶ್ಚರ್ಯವೆಂಬುದೇ ಇಲ್ಲ.

ಬಾಲಪ್ಪ ಹೊಸ್ತಿಲ ಹೊರಗೇ ನಿಂತ. ಯಾರಿವನು? ಮನೆಯ ಆಳೇ? ಕುಷ್ಟಗಿಯಿಂದ ಬರುವಾಗ ಬಸ್ಸಿನಲ್ಲಿ ಅರ್ಧ ಜನ ತನ್ನನ್ನೇ ದಿಟ್ಟಿಸಿದ್ದರು. "ಎಲ್ಲೋ ನೋಡೀನಲ್ರಿ ನಿಮ್ಮನ್ನ," ಎಂದವರಿಗೆಲ್ಲ ಇಲ್ಲವೆಂದು ತಲೆ ಅಲ್ಲಾಡಿಸಿದ್ದ.

ಕಪ್ಪು ಬಿಳುಪಿನ ಕಾಲದ ಖಳನಾಯಕ ಭೈರವಕುಮಾರನೆಂದರೆ ಹೆಂಗಸರು ನೆಟಿಕೆ ಮುರಿದು ಶಾಪ ಹಾಕುತ್ತಿದ್ದರು. ನಾಯಕಿಯ ತಾಳಿಗೆ ಕೈ ಹಾಕಿದ್ದು, ಬಡವರ ಬಣವೆಗೆ ಬೆಂಕಿ ಇಟ್ಟಿದ್ದು ಒಂದೆರಡು ಸಲವಲ್ಲ. ಆದರೆ ಆ ಭೈರವಕುಮಾರ ಹನುಮಸಾಗರದ ಬಾಲಪ್ಪನೆಂದು ಸಿನಿಮಾದವರಿಗೂ ಗೊತ್ತಿರಲಿಲ್ಲ. ಮದುವೆಯಾದ ವರ್ಷವೇ ಹೆಂಡತಿಯನ್ನು ಬಿಟ್ಟು ನಾಟಕ ಕಂಪನಿಯ ಬೆನ್ನು ಹತ್ತಿದವನು, ಹಾಗೇ ಮದ್ರಾಸು ಸೇರಿದ್ದ. ಮನೆಗೆ ಒಂದು ಕಾಗದ ಬರೆಯಲಿಲ್ಲ, ಪುಣ್ಯಾತ್ಮ.

ಈಗ ಬಂದಿದ್ದಾನೆ. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ, ಅರವತ್ತು ದಾಟಿದ ಮೇಲೆ. ಸಿನಿಮಾದವರು ಕರೆಯುವುದನ್ನು ಬಿಟ್ಟು ಯಾವ ಕಾಲವಾಯಿತೋ! ಉಳಿದ ದಿನ ಇಲ್ಲೇ ಇರು ಎಂದು ಹೆಂಡತಿ ಹುಲಗಮ್ಮ ಒಂದು ಮಾತು ಅಂದರೆ ಸಾಕು. ಒಲ್ಲೆ ಅಂದರೆ ಹೋಗಲು ಬೇರೆ ಮನೆಯಿಲ್ಲ.

ಹುಲಗಮ್ಮ ಬಂದಳು. ತಲೆ ಬೆಳ್ಳಗಾಗಿತ್ತು. ಆದರೆ ಹಣೆಯ ಮೇಲೆ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ಗಂಡ ಎಲ್ಲೋ ಬದುಕಿದ್ದಾನೆಂದು ಮುತ್ತೈದೆಯಾಗಿಯೇ ಕಾದಿದ್ದಾಳಲ್ಲ! ತಾನೆಂಥ ಪಾಪಿ ಎಂದುಕೊಂಡ ಬಾಲಪ್ಪ.

"ಒಳಗ ಬರ್ರಿ," ಎಂದಳು. ಅವನು ಒಳಗೆ ಬಂದದ್ದೇ ತಡ, ಬಾಗಿಲು ಮುಂದೆ ಮಾಡಿದಳು. "ಹಾದ್ಯಾಗ ಯಾರರ ಗುರ್ತು ಹಿಡದ್ರೇನ್ರಿ?"

"ಯಾರೂ ಹಿಡೀಲಿಲ್ಲ."

"ಛಲೋ ಆತು."

ಮನೆಯೆಲ್ಲ ಹೋಳಿಗೆಯ ಘಮ. ದೇವರ ಜಗಲಿಯ ಮೇಲೆ, ದೇವರ ಸಾಲಿನಲ್ಲೇ, ಮದುವೆಯ ಹೊತ್ತಿನಲ್ಲಿ ತೆಗೆಸಿದ್ದ ತನ್ನ ಫೋಟೊ. ಅದಕ್ಕೆ ಹೂವು. ಮುಂದೆ ಮಡಿಸಿಟ್ಟ ಹೊಸ ಧೋತರ. ಬಾಲಪ್ಪನ ಕಣ್ಣು ತುಂಬಿದವು. ರೊಟ್ಟಿ ಇಡಲು ಅವಳು ಬಳಸುತ್ತಿದ್ದ ದುಂಡನೆಯ ತಗಡಿನ ಡಬ್ಬಿ ನೋಡಿದ ಮೇಲಂತೂ ತಡೆಯಲಾಗಲಿಲ್ಲ. ಅದು ಸಿನಿಮಾದ ರೀಲು ಇಡುವ ಡಬ್ಬಿ. ತನ್ನ ನೆನಪಿಗೆಂದು ಎಲ್ಲಿಂದ ತಂದಿಟ್ಟುಕೊಂಡಳೋ, ಬಡಪಾಯಿ!

"ನನ್ನ ಸಿನಿಮಾ ನೋಡಿಯೇನು, ಹುಲಗೀ?"

"ಒಂದ ನೋಡೀನ್ರಿ. ಆಮ್ಯಾಲೆ ನಿಮ್ಮ ಸಿನಿಮಾ ಈ ಊರಿಗೆ ಬರಲಿಲ್ಲ."

ಎಲೆಗೆ ಹೋಳಿಗೆ, ತುಪ್ಪ, ಅನ್ನ ಬಡಿಸಿದಳು. ಬಾಲಪ್ಪ ಕೈ ಮುಂದೆ ಮಾಡಿದ. ಅವಳು ಎಲೆಯನ್ನು ಅವನಿಗೆ ಕೊಡಲಿಲ್ಲ. ಒಯ್ದು ಫೋಟೊದ ಮುಂದಿಟ್ಟು ಕೈ ಮುಗಿದಳು.

"ಇವತ್ತೇನು ಹಬ್ಬ?"

"ಹಿರ್ಯಾರ ಹಬ್ಬರಿ."

ಸತ್ತವರಿಗೆ ಎಡೆ ಇಡುವ ದಿನ. ಬಾಲಪ್ಪ ಫೋಟೊವನ್ನು ಮತ್ತೊಮ್ಮೆ ನೋಡಿದ.

"ಆ ಸಿನಿಮಾದಾಗ ನೀವು ಬೆಂಕ್ಯಾಗ ಬಿದ್ದು ಸತ್ರಿ," ಎಂದಳು ಹುಲಗಮ್ಮ, ಎದ್ದು ಬಾಗಿಲ ಕಡೆ ಕಿವಿಗೊಟ್ಟು. "ಅದ ವರ್ಷ ಊರಿಗೆ ಮೊದಲನೇ ಸಲ ಸಿನಿಮಾ ಟೆಂಟ್ ಬಂದಿತ್ತು. ಪರದೆ ಮ್ಯಾಲೆ ದೇವರು ಬಂದ್ರ ಕಾಯಿ ಒಡೀತಿದ್ರು ನಮ್ಮ ಮಂದಿ. ನೀವು ಸತ್ತದ್ದು ನೋಡಿ ನಾನ ಮೊದಲ ಎದ್ದು ಬಾಯಿ ಬಡಕೊಂಡೆ. ನಿಮ್ಮವ್ವನೂ ಮಗನ ಮುಖ ಗುರ್ತು ಹಿಡದು ಬಿದ್ದು ಹೊಳ್ಳಾಡಿದ್ಲು. ಹಿರ್ಯಾರು ಕೂಡಿ ನನ್ನ ಕೈಯಾಗಿನ ಬಳಿ ಒಡಿಸಿದ್ರು. ವರ್ಷ ಕಳದ ಮ್ಯಾಲೆ ಅವರ ನಿಂತು ಉಡಿಕಿ ಮಾಡಿದ್ರು."

ಉಡಿಕಿ. ಗಂಡ ಸತ್ತವಳಿಗೆ ಮಾಡುವ ಮರುಮದುವೆ. ಕುಂಕುಮ, ಬಳೆ, ಎಲ್ಲ ಒಮ್ಮೆಲೇ ಅರ್ಥವಾದವು.

"ಯಾರ ಜೋಡಿ?"

"ಹೊರಗ ಕುಂತಾರಲ್ರಿ, ಯಂಕೋಬ ಅಂತ, ಕುಕನೂರಿನವರು. ಮೂರು ಮಕ್ಕಳು ನಮಗ. ಬೀಗರು ಊಟಕ್ಕ ಬರೋ ಹೊತ್ತಾತು. ನೀವು ಬದುಕೀರಿ ಅಂತ ಗೊತ್ತಾದ್ರ ನನ್ನ ಮಕ್ಕಳನ್ನ ಈ ಊರು ಏನಂತ ಕರೀತೈತಿ, ನೀವ ಹೇಳ್ರಿ."

ಬಾಲಪ್ಪ ಮೊದಲು ಬೆವರಿದ. ಆಮೇಲೆ ನಗು ಬಂತು. ಎಂಥ ಮುಗ್ಧ ಜನ! ಪರದೆಯ ಮೇಲೆ ಸತ್ತವನಿಗೆ ತಿಥಿ ಮಾಡಿದವರು. ತಪ್ಪು ತಿಳಿದು ಆದ ಮದುವೆ ಎಂಥ ಮದುವೆ? ಮೊದಲ ತಾಳಿ ತನ್ನದೇ ಅಲ್ಲವೇ? ಹಿರಿಯರನ್ನು ಕೂಡಿಸಿ ಹೇಳಿದರೆ ಮನೆಯೂ ತನ್ನದು, ಮೂಲೆಯೂ ತನ್ನದು. ತೆರೆಯ ಮೇಲೆ ಮೀಸೆ ತೀಡುತ್ತಿದ್ದ ಕೈ ತಾನಾಗಿಯೇ ಮೇಲೆದ್ದಿತು.

"ಹುಚ್ಚಿ," ಎಂದ, ಸಣ್ಣ ಮಕ್ಕಳಿಗೆ ಹೇಳುವಂತೆ. "ಸಿನಿಮಾದಾಗ ಸತ್ತಾವ ಖರೇನ ಸಾಯೂದಿಲ್ಲ. ಕ್ಯಾಮೆರಾ ನಿಂತ ಕೂಡಲೇ ಎದ್ದು ಚಾ ಕುಡೀತಾನ. ನಿಮಗ ತಿಳೀಲಿಲ್ಲ, ನಿಮ್ಮ ತಪ್ಪಲ್ಲ. ಹಿರ್ಯಾರಿಗೆ ನಾನ ತಿಳಿಸಿ ಹೇಳ್ತೀನಿ."

ಹುಲಗಮ್ಮ ಜಗಲಿಯ ಮೇಲಿದ್ದ ಧೋತರ ತೆಗೆದು, ಎಡೆಯ ಹೋಳಿಗೆಯನ್ನು ಅದರಲ್ಲೇ ಕಟ್ಟಿ ಅವನ ಕೈಗಿಟ್ಟಳು. ಹಿತ್ತಲ ಬಾಗಿಲು ತೆರೆದಳು.

"ಗೊತ್ತೈತ್ರಿ. ನಮ್ಮ ಯಜಮಾನ್ರು ಆ ಟೆಂಟಿನ್ಯಾಗ ಸಿನಿಮಾ ಮಷೀನ್ ನಡಸ್ತಿದ್ರು. ಪೋಸ್ಟರಿನ್ಯಾಗ ನಿಮ್ಮ ಮುಖ ಗುರ್ತು ಹಿಡದು, ನೀವು ಸಾಯೋ ಸಿನಿಮಾನ ತರಸ್ರಿ ಅಂತ ಅವರಿಗೆ ಹೇಳಿದಾಕಿ ನಾನ."